ಫ್ರೀಜರ್‌ನಲ್ಲಿ ಐಸ್ ಗಟ್ಟಿ, ಕೆಳಗೆ ಹಾಲು ಹುಳಿ: ಫ್ರಿಡ್ಜ್ ಕೆಟ್ಟಾಗ ಮನೆಯಲ್ಲೇ ದೋಷ ಹುಡುಕಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಫ್ರಿಡ್ಜ್ ತಣ್ಣಗಾಗ್ತಿಲ್ಲ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿ ನೋಡಿ. ಅವನು ಬಂದು ಬಾಗಿಲು ತೆಗೆಯುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ: "ಗ್ಯಾಸ್ ಖಾಲಿ ಆಗಿದೆ ಸರ್, ತುಂಬಿಸಬೇಕು." ಆದರೆ ಫ್ರಿಡ್ಜ್‌ನ ಗ್ಯಾಸ್ ಅಡುಗೆ ಸಿಲಿಂಡರ್‌ನಂತೆ ಉರಿದು ಮುಗಿಯುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಆಗುವುದೇ ಇಲ್ಲ ಅಂತಲ್ಲ, ಆದರೆ ಮನೆಗಳಲ್ಲಿ ಕೆಡುವ ಫ್ರಿಡ್ಜ್‌ಗಳಲ್ಲಿ ದೊಡ್ಡ ಪಾಲಿಗೆ ಕಾರಣ ಆ ಕೊಳವೆಯ ಹೊರಗಿರುತ್ತದೆ: ಪ್ಲಗ್ ಪಾಯಿಂಟ್, ಬಾಗಿಲ ರಬ್ಬರ್, ಫ್ಯಾನ್, ಹೀಟರ್, ರಿಲೇ. ಆದ್ದರಿಂದ ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಯ ಕಡೆಗೆ ನೋಡುತ್ತಾ ಹೋಗಬೇಕು. ಗ್ಯಾಸ್ ಪ್ರಶ್ನೆ ಕೊನೆಯದು.

ಇಲ್ಲಿ ಹೆಚ್ಚಿನ ಮಾತು ಡಬಲ್ ಡೋರ್, ಅಂದರೆ ಫ್ರಾಸ್ಟ್ ಫ್ರೀ (ಐಸನ್ನು ತಾನಾಗಿ ಕರಗಿಸಿಕೊಳ್ಳುವ) ಫ್ರಿಡ್ಜ್ ಬಗ್ಗೆ. ಕೆಡಲು ಭಾಗಗಳು ಹೆಚ್ಚಿರುವುದು ಅದರಲ್ಲೇ. ಸಿಂಗಲ್ ಡೋರ್‌ನ ವಿಷಯ ನಡುವೆ ಬರುತ್ತದೆ.

ಕೈ ಹಾಕುವ ಮುನ್ನ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. ಇನ್ವರ್ಟರ್ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರಿನ ವೇಗವನ್ನು ಬೋರ್ಡ್ ಬದಲಿಸುವ ಮಾದರಿ) ಇರುವ ಫ್ರಿಡ್ಜ್ ಆಗಿದ್ದರೆ ಪ್ಲಗ್ ಕಿತ್ತ ಮೇಲೂ ಬೋರ್ಡ್‌ನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಹತ್ತು ನಿಮಿಷ ಬಿಟ್ಟು ಮುಟ್ಟಿ. ಫ್ರಿಡ್ಜ್‌ನ ಮೈ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಉಳಿದದ್ದೆಲ್ಲ ಆಮೇಲೆ. ಪ್ಲಗ್ ಕಿತ್ತಿಡಿ, ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆದು ಮನೆಯ ಅರ್ಥಿಂಗ್ ನೋಡಿಸಿ.

ಹಿಂಬದಿಯಲ್ಲಿ, ಕಂಪ್ರೆಸರ್ ಹತ್ತಿರ ಅಂಟಿಸಿರುವ ಚೀಟಿಯನ್ನು ಓದಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಅಲ್ಲಿ ಮಾಡೆಲ್ ಸಂಖ್ಯೆ, ಗ್ಯಾಸ್‌ನ ಹೆಸರು, ಅದರ ತೂಕ ಗ್ರಾಂನಲ್ಲಿ ಇರುತ್ತದೆ. ಆರ್-134ಎ ಆದರೆ ಹತ್ತಿ ಉರಿಯುವುದಿಲ್ಲ. ಈಚಿನ ಬಹುತೇಕ ಫ್ರಿಡ್ಜ್‌ಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಹತ್ತಾರು ಗ್ರಾಂ ಮಾತ್ರ ಇರುತ್ತದೆ, ಆದರೆ ಉರಿಯುತ್ತದೆ. ಹಳದಿ ತ್ರಿಕೋನದೊಳಗೆ ಬೆಂಕಿಯ ಗುರುತು ಕಂಡರೆ ಅದೇ. ಅಂಥದ್ದರ ಕೊಳವೆಗೆ ನೀವು ಕೈ ಹಚ್ಚಬೇಡಿ.

ಕಂಪ್ರೆಸರ್‌ಗೆ ಕಂಪನಿಗಳು ಉದ್ದನೆಯ ವಾರಂಟಿ ಕೊಡುತ್ತವೆ. ಬಿಲ್ ಹುಡುಕಿ. ವಾರಂಟಿ ಇದ್ದರೆ ಸ್ಕ್ರೂ ಡ್ರೈವರ್ ಕೆಳಗಿಡಿ, ಮುಂದಿನ ಹೊರಗಿನ ತಪಾಸಣೆಯನ್ನಷ್ಟೇ ಮಾಡಿ.

ಸಲಕರಣೆ ದೊಡ್ಡದೇನಲ್ಲ: ಸ್ಟಾರ್ ಸ್ಕ್ರೂ ಡ್ರೈವರ್, ಸಾದಾ ಡಿಜಿಟಲ್ ಮಲ್ಟಿಮೀಟರ್, ಥರ್ಮಾಮೀಟರ್, ಹಳೆಯ ಟವೆಲ್‌ಗಳು, ಕೈಗವಸು. ಮಲ್ಟಿಮೀಟರ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಮಾತ್ರವಲ್ಲ, ತಾಲ್ಲೂಕಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಸೊನ್ನೆಗಿಂತ ಕೆಳಗೂ ತೋರಿಸುವಂಥದ್ದು ಬೇಕು.

ಹೊರಗಿನಿಂದಲೇ ಗೊತ್ತಾಗುವುದು

ಮೊದಲು ನಿಜಕ್ಕೂ ಕೆಟ್ಟಿದೆಯೇ ನೋಡಿ. ಕೆಳಗಿನ ಭಾಗದ ನಡುವಿನ ಶೆಲ್ಫ್‌ನಲ್ಲಿ ಒಂದು ಲೋಟ ನೀರಿಟ್ಟು ಅದರೊಳಗೆ ಥರ್ಮಾಮೀಟರ್ ಇಳಿಬಿಡಿ. ರಾತ್ರಿ ಇಟ್ಟು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓದಿ. 3ರಿಂದ 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಫ್ರೀಜರ್‌ನಲ್ಲಿ ಮೈನಸ್ 18ರ ಆಸುಪಾಸು ಇರಬೇಕು. ಗಾಳಿಯ ಉಷ್ಣತೆ ಅಳೆದರೆ ಬಾಗಿಲು ತೆಗೆದಾಗಲೆಲ್ಲ ಬದಲಾಗುತ್ತದೆ, ಅದಕ್ಕೇ ನೀರು.

ಫ್ರಿಡ್ಜ್‌ನ ಎರಡೂ ಪಕ್ಕ ಬಿಸಿಯಾಗಿದೆ ಎಂದು ಗಾಬರಿ ಬೇಡ. ಹಿಂದೆ ಕಾಣುತ್ತಿದ್ದ ಕಪ್ಪು ಜಾಲರಿ ಈಗ ಪಕ್ಕದ ತಗಡಿನೊಳಗೆ ಸೇರಿಕೊಂಡಿದೆ, ಒಳಗಿನ ಬಿಸಿ ಹೊರಹೋಗುವುದೇ ಅಲ್ಲಿಂದ. ಪಕ್ಕ ತಣ್ಣಗೇ ಇದ್ದು ಕಂಪ್ರೆಸರ್ ಮಾತ್ರ ಓಡುತ್ತಿದ್ದರೆ ಚಿಂತಿಸಬೇಕು. ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ನಾಲ್ಕು ಬೆರಳಷ್ಟಾದರೂ ಈಚೆ ಎಳೆಯಿರಿ. ಚೀಟಿಯಲ್ಲಿ ಕ್ಲೈಮೇಟ್ ಕ್ಲಾಸ್ 'ಟಿ' ಎಂದಿದ್ದರೆ ಆ ಫ್ರಿಡ್ಜ್ 43 ಡಿಗ್ರಿವರೆಗಿನ ಕೋಣೆಗೆ, 'ಎನ್' ಎಂದಿದ್ದರೆ 32 ಡಿಗ್ರಿವರೆಗೆ ಮಾತ್ರ ಲೆಕ್ಕ ಹಾಕಿದ್ದು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ತಗಡಿನ ಸೂರಿನಡಿ ನಿಂತ ಫ್ರಿಡ್ಜ್ ದಿನವಿಡೀ ಓಡಿದರೆ ಅದನ್ನು ಬೈದು ಪ್ರಯೋಜನವಿಲ್ಲ.

ವೋಲ್ಟೇಜ್ ನೋಡುವಾಗ ಫ್ರಿಡ್ಜ್ ಚುಚ್ಚಿರುವ ಬೋರ್ಡ್‌ನಲ್ಲೇ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅಳೆಯಿರಿ. ಸುಮ್ಮನಿದ್ದಾಗ 220 ತೋರಿಸಿ, ಶುರುವಾಗುವಾಗ 170ಕ್ಕೆ ಕುಸಿದರೆ ಹಳೆಯ ಮಾದರಿಯ ಕಂಪ್ರೆಸರ್ ಏಳಲು ಒದ್ದಾಡುತ್ತದೆ. ಸಡಿಲ ಸಾಕೆಟ್ ಕೂಡ ಇದೇ ಕೆಲಸ ಮಾಡುತ್ತದೆ. ಪ್ಲಗ್‌ನ ಪಿನ್ ಕಂದಿದ್ದರೆ ಸಾಕೆಟ್ ಬದಲಿಸಿ. ಸ್ಟೆಬಿಲೈಸರ್ ಇದ್ದರೆ, ಲೈನ್ ವೋಲ್ಟೇಜ್ ಸರಿಯಿರುವಾಗ ಅದನ್ನು ಬಿಟ್ಟು ನೇರವಾಗಿ ಚುಚ್ಚಿ ನೋಡಿ. ಫ್ರಿಡ್ಜ್‌ಗಿಂತ ಮೊದಲು ಸ್ಟೆಬಿಲೈಸರ್ ಕೆಟ್ಟಿರುವುದೂ ಉಂಟು. ಇಡೀ ಬೀದಿಗೇ ಲೋ ವೋಲ್ಟೇಜ್ ಇದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ, ಫ್ರಿಡ್ಜ್ ಬಿಚ್ಚುವ ಅಗತ್ಯವಿಲ್ಲ. ಕರೆಂಟ್ ಹೋಗಿ ತಕ್ಷಣ ಬಂದಾಗ ಐದು ನಿಮಿಷ ಆಫ್ ಇಟ್ಟು ಆಮೇಲೆ ಆನ್ ಮಾಡುವ ಅಭ್ಯಾಸ ಕಂಪ್ರೆಸರ್‌ಗೆ ಒಳ್ಳೆಯದು. ಒಳಗಿನ ಒತ್ತಡ ಇಳಿಯಲು ಅಷ್ಟು ಸಮಯ ಬೇಕು.

ಬಾಗಿಲ ರಬ್ಬರ್ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಾಕು. ಬಾಗಿಲಿಗೆ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸ್ವಲ್ಪ ಹಿಡಿದು ಬಿಡಬೇಕು. ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಸುತ್ತಲೂ ಹೀಗೆ ನೋಡಿ, ಹಿಂಜಿನ ಕಡೆಯ ಮೂಲೆಗಳನ್ನು ಮರೆಯಬೇಡಿ. ಅರ್ಧಕ್ಕರ್ಧ ಸಲ ರಬ್ಬರ್ ಹರಿದಿರುವುದಿಲ್ಲ, ಮಡಿಕೆಯೊಳಗೆ ಹಾಲು, ಸಾರು ಒಣಗಿ ಗಟ್ಟಿಯಾಗಿರುತ್ತದೆ. ಬೆಚ್ಚನೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್. ಸೊಟ್ಟಗಾಗಿದ್ದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಕೈಯಲ್ಲೇ ಎಳೆದು ಕೂರಿಸಬಹುದು. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಬಾಗಿಲಂಚಿನಲ್ಲಿ ನೀರು ಬೆವರಿದರೆ ಅದು ತೇವದ ಗಾಳಿಯ ಕೆಲಸ, ರಬ್ಬರ್ ಹಿಡಿತ ಸರಿಯಿದ್ದರೆ ಬಿಟ್ಟುಬಿಡಿ.

ಇನ್ನೊಂದು ಸಣ್ಣದು: ಬಾಗಿಲು ಮುಚ್ಚಿದ ಮೇಲೂ ಒಳಗಿನ ಬಲ್ಬ್ ಉರಿಯುತ್ತಿದೆಯೇ? ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಬಾಗಿಲು ಹಾಕಿ, ತೆಗೆದು ನೋಡಿ. ಹಳೆಯ ಫಿಲಮೆಂಟ್ ಬಲ್ಬ್ ಆಗಿದ್ದರೆ ಅದೊಂದೇ ಸಾಕು ಮೇಲಿನ ಶೆಲ್ಫ್ ಬೆಚ್ಚಗಾಗಲು.

ಮೇಲೆ ಐಸ್, ಕೆಳಗೆ ಬಿಸಿ

ಡಬಲ್ ಡೋರ್ ಮನೆಗಳಲ್ಲಿ ಕೇಳಿಬರುವ ದೂರು ಇದೇ. ಐಸ್ ಕ್ರೀಂ ಗಟ್ಟಿಯಾಗಿದೆ, ಆದರೆ ಕೆಳಗಿಟ್ಟ ದೋಸೆ ಹಿಟ್ಟು ಮರುದಿನಕ್ಕೇ ಉಕ್ಕಿ ಹುಳಿಯಾಗಿದೆ. ಇದು ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು: ಹೆಚ್ಚಿನ ಫ್ರಾಸ್ಟ್ ಫ್ರೀ ಫ್ರಿಡ್ಜ್‌ಗಳಲ್ಲಿ ಕೆಳಭಾಗಕ್ಕೆ ತನ್ನದೇ ತಂಪು ಇಲ್ಲ. ಫ್ರೀಜರ್‌ನ ಹಿಂಗೋಡೆಯ ಪ್ಲಾಸ್ಟಿಕ್ ಹಲಗೆಯ ಹಿಂದೆ ಕೂಲಿಂಗ್ ಕಾಯಿಲ್ ಇರುತ್ತದೆ. ಫ್ಯಾನ್ ಅಲ್ಲಿನ ಗಾಳಿಯನ್ನು ಸ್ವಲ್ಪ ಫ್ರೀಜರ್‌ಗೆ, ಸ್ವಲ್ಪ ಕೆಳಕ್ಕೆ ತಳ್ಳುತ್ತದೆ. ಆ ಗಾಳಿ ನಿಂತರೆ ಮೇಲೆ ಐಸ್ ಉಳಿದಿರುತ್ತದೆ, ಕೆಳಗೆ ಬಿಸಿಯಾಗುತ್ತದೆ.

ಫ್ರೀಜರ್‌ನ ಹಿಂದಿನ ಗಾಳಿಕಿಂಡಿಗೆ ತೆಂಗಿನ ತುರಿಯ ಡಬ್ಬಿ, ಬಟಾಣಿ ಪ್ಯಾಕೆಟ್ ಒತ್ತಿಕೊಂಡಿದ್ದರೆ ಮೊದಲು ಅದನ್ನು ತೆಗೆಯಿರಿ. ನಂತರ ಬಾಗಿಲು ತೆರೆದಿಟ್ಟು, ಚೌಕಟ್ಟಿನಲ್ಲಿರುವ ಡೋರ್ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಕಿವಿಗೊಡಿ. ಬಾಗಿಲು ತೆರೆದಾಗ ಫ್ಯಾನ್ ನಿಲ್ಲುವಂತೆ ಮಾಡಿರುತ್ತಾರೆ, ಒತ್ತಿದರೆ ತಿರುಗಬೇಕು. ಸ್ವಿಚ್ಚೇ ಕೆಟ್ಟಿದ್ದರೆ ಫ್ಯಾನ್ ತಿರುಗದು, ಸಣ್ಣ ಖರ್ಚಿನಲ್ಲಿ ಮುಗಿಯಿತು.

ಅದಕ್ಕೂ ಜಗ್ಗದಿದ್ದರೆ ಹಿಂಗೋಡೆ ಬಿಚ್ಚಬೇಕು. ಅವಸರಪಟ್ಟು ಐಸ್ ಕರಗಿಸಬೇಡಿ, ಸಾಕ್ಷಿಯೆಲ್ಲ ನೀರಾಗಿ ಹೋಗುತ್ತದೆ. ಫ್ರಿಡ್ಜ್ ಓಡುತ್ತಿದ್ದ ಸ್ಥಿತಿಯಿಂದ ಪ್ಲಗ್ ಕಿತ್ತು, ಕೂಡಲೇ ಫ್ರೀಜರ್ ಖಾಲಿ ಮಾಡಿ, ಐಸ್ ಟ್ರೇ ಮತ್ತು ಶೆಲ್ಫ್ ತೆಗೆಯಿರಿ. ಹಲಗೆಯ ಸ್ಕ್ರೂಗಳು ಪುಟ್ಟ ಪ್ಲಾಸ್ಟಿಕ್ ಮುಚ್ಚಳದ ಕೆಳಗಿರುತ್ತವೆ. ಬಿಚ್ಚಿ, ಹಲಗೆಯನ್ನು ಮೆಲ್ಲಗೆ ಮುಂದಕ್ಕೆಳೆಯಿರಿ, ಹಿಂದೆ ಫ್ಯಾನಿನ ವೈರ್ ಇರುತ್ತದೆ. ಐಸ್ ಕಚ್ಚಿಕೊಂಡು ಹಲಗೆ ಅಲುಗದಿದ್ದರೆ ಬಲ ಹಾಕಬೇಡಿ, ತಂಪಿಗೆ ಬಿರುಸಾದ ಪ್ಲಾಸ್ಟಿಕ್ ಪಟ್ಟನೆ ಒಡೆಯುತ್ತದೆ. ಅಷ್ಟು ಐಸ್ ಇದೆ ಎಂಬುದೇ ಒಂದು ಉತ್ತರ.

ಹಲಗೆ ಬಂದರೆ ಕಾಯಿಲ್‌ನ ಫೋಟೋ ತೆಗೆಯಿರಿ. ಐಸ್ ಕೂತಿರುವ ರೀತಿಯೇ ಅರ್ಧ ರೋಗ ಹೇಳುತ್ತದೆ.

ಕಾಯಿಲ್‌ನ ಮೇಲಿನಿಂದ ಕೆಳತನಕ ತೆಳ್ಳಗೆ, ಒಂದೇ ಸಮನೆ ಬಿಳಿ ಹಿಮ ಕೂತಿದೆ, ಅಲ್ಯೂಮಿನಿಯಂ ರೆಕ್ಕೆಗಳು ಎಣಿಸುವಷ್ಟು ಸ್ಪಷ್ಟವಾಗಿವೆ ಎಂದರೆ ಗ್ಯಾಸ್ ಸರಿ, ಡಿಫ್ರಾಸ್ಟ್ (ಕಾಯಿಲ್ ಮೇಲಿನ ಹಿಮವನ್ನು ಹೀಟರ್ ಆಗಾಗ ಕರಗಿಸುವುದು) ಸರಿ. ಗಾಳಿಯ ದಾರಿ ನೋಡಿ: ಫ್ಯಾನ್, ಕೆಳಗಿನ ಗಾಳಿಬಾಗಿಲು. ರೆಕ್ಕೆಗಳೇ ಕಾಣದಂತೆ ಇಡೀ ಕಾಯಿಲ್ ಐಸ್‌ಗಡ್ಡೆಯೊಳಗೆ ಹೂತುಹೋಗಿದ್ದರೆ ಡಿಫ್ರಾಸ್ಟ್ ನಡೆಯುತ್ತಿಲ್ಲ. ಗ್ಯಾಸ್ ಒಳಬರುವ ತುದಿಯ ಒಂದೆರಡು ಸುತ್ತಿನಲ್ಲಿ ಮಾತ್ರ ಹಿಮ, ಉಳಿದ ಕೊಳವೆ ಬೋಳು ಎಂದರೆ ಗ್ಯಾಸ್ ಕಡಿಮೆ ಅಥವಾ ಕೊಳವೆ ಅರ್ಧ ಕಟ್ಟಿದೆ. ಕಂಪ್ರೆಸರ್ ಗಂಟೆಗಟ್ಟಲೆ ಓಡಿದರೂ ಎಲ್ಲೂ ಹಿಮವೇ ಇಲ್ಲದಿದ್ದರೆ ಗ್ಯಾಸ್ ಪೂರ್ತಿ ಹೋಗಿದೆ, ಕೊಳವೆ ಪೂರಾ ಕಟ್ಟಿದೆ ಅಥವಾ ಕಂಪ್ರೆಸರ್ ಒತ್ತುತ್ತಿಲ್ಲ. ಮೆಕ್ಯಾನಿಕ್ "ಗ್ಯಾಸ್" ಅಂದಾಗ ಈ ಫೋಟೋ ತೋರಿಸಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಡಿಫ್ರಾಸ್ಟ್ ಸರ್ಕ್ಯೂಟ್: ಒಂದೊಂದಾಗಿ

ಇನ್ನು ಐಸ್ ಕರಗಿಸಬಹುದು. ಬಾಗಿಲುಗಳನ್ನು ತೆರೆದು, ಕೆಳಗೆ ಟವೆಲ್ ಹಾಸಿ, ಎದುರಿಗೆ ಟೇಬಲ್ ಫ್ಯಾನ್ ಇಡಿ. ಫ್ರೀಜರ್‌ನೊಳಗೆ ಬಿಸಿನೀರಿನ ಪಾತ್ರೆ ಇಟ್ಟರೆ ಬೇಗ ಆಗುತ್ತದೆ. ಚಾಕು, ಸ್ಕ್ರೂ ಡ್ರೈವರ್‌ನಿಂದ ಕೆತ್ತಬೇಡಿ. ಸಿಂಗಲ್ ಡೋರ್ ಫ್ರಿಡ್ಜ್‌ನಲ್ಲಂತೂ ಫ್ರೀಜರ್ ಪೆಟ್ಟಿಗೆಯ ತಗಡೇ ಕಾಯಿಲ್, ಒಳಗೆ ಗ್ಯಾಸ್ ಹರಿಯುತ್ತಿರುತ್ತದೆ. ಮೀನಿನ ಪ್ಯಾಕೆಟ್ ಬಿಡಿಸಲು ಹೋಗಿ ಚಾಕು ಚುಚ್ಚಿ 'ಸುಸ್' ಎಂದರೆ ಫ್ರಿಡ್ಜ್ ಕಥೆ ಹೆಚ್ಚುಕಡಿಮೆ ಮುಗಿದಂತೆ. ಅಂಥ ಫ್ರಿಡ್ಜ್‌ನಲ್ಲಿ ತಂಪು ಹೆಚ್ಚುಕಡಿಮೆ ಮಾಡುವ ಥರ್ಮೋಸ್ಟಾಟ್ ಗುಂಡಿಯ ನಡುವಿನ ಡಿಫ್ರಾಸ್ಟ್ ಬಟನ್ ಒತ್ತಿ ರಾತ್ರಿ ಬಿಟ್ಟರೆ ಸಾಕು.

ಪೂರ್ತಿ ಕರಗಿ ಒಣಗಲು ಒಂದು ಹಗಲು ಬೇಕಾದೀತು. ಕರಗಿಸಿದ ಮೇಲೆ ಹಾಗೇ ಆನ್ ಮಾಡಿದರೆ ಕೆಲವು ದಿನ, ವಾರ ಚೆನ್ನಾಗಿ ಓಡಿ ಮತ್ತೆ ಅದೇ ರಾಗ ಶುರುವಾಗುತ್ತದೆ. ಹಾಗಾಗಿ ಬಿಚ್ಚಿದಾಗಲೇ ಈ ಭಾಗಗಳನ್ನು ಅಳೆದುಬಿಡಿ. ಪ್ಲಗ್ ಹೊರಗಿರಲಿ, ಆಯಾ ಭಾಗದ ಕನೆಕ್ಟರ್ ಬಿಡಿಸಿರಲಿ.

1. ಹೀಟರ್. ಕಾಯಿಲ್‌ನ ಕೆಳಗೆ ಗಾಜಿನ ಕೊಳವೆ, ಅಥವಾ ರೆಕ್ಕೆಗಳ ನಡುವೆ ಅಲ್ಯೂಮಿನಿಯಂ ಕೊಳವೆ. 230 ವೋಲ್ಟ್‌ನ 150 ವಾಟ್ ಹೀಟರ್ ಆದರೆ ಸುಮಾರು 350 ಓಮ್ ತೋರಿಸಬೇಕು, 200 ವಾಟ್ ಆದರೆ 265ರ ಹತ್ತಿರ. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ. ಹೊಸ ಗಾಜಿನ ಹೀಟರ್ ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಆರ್-600ಎ ಫ್ರಿಡ್ಜ್‌ಗೆ ಮಾಡೆಲ್ ಸಂಖ್ಯೆ ಹೇಳಿ ಅದರದ್ದೇ ಹೀಟರ್ ಕೇಳಿ. "ಇದೂ ಕೂರುತ್ತೆ" ಎಂದು ಕೊಡುವುದನ್ನು ಒಪ್ಪಬೇಡಿ, ಅದರ ಮೇಲ್ಮೈ ಎಷ್ಟು ಬಿಸಿಯಾಗುತ್ತದೆ ಎನ್ನುವುದು ಇಲ್ಲಿ ಬೆಂಕಿಯ ಪ್ರಶ್ನೆ.

2. ಬೈಮೆಟಲ್. ಕಾಯಿಲ್‌ಗೆ ಕ್ಲಿಪ್ ಹಾಕಿರುವ ನಾಣ್ಯದಷ್ಟು ದೊಡ್ಡ ಗುಂಡು ಭಾಗ, ಶಾಖ ನೋಡಿ ಹೀಟರ್ ನಿಲ್ಲಿಸುವ ಸ್ವಿಚ್. ಎಡವುವುದು ಇಲ್ಲೇ. ಕೋಣೆಯ ಶಾಖದಲ್ಲಿ ಇದು ಓಪನ್ (ಸಂಪರ್ಕ ಕಡಿದ ಸ್ಥಿತಿ) ತೋರಿಸುವುದು ಸಹಜ, ಸೊನ್ನೆಗಿಂತ ಕೆಳಗೆ ಇಳಿದ ಮೇಲಷ್ಟೇ ಜೋಡಿಸಿಕೊಳ್ಳುತ್ತದೆ. ಆದ್ದರಿಂದ ಪಕ್ಕದ ಮನೆಯ ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟು, ತೆಗೆದ ಕೂಡಲೇ ಅಳೆಯಿರಿ. ಆಗಲೂ ಓಪನ್ ಇದ್ದರೆ ಹೋಗಿದೆ. ಉಬ್ಬಿದ್ದರೆ, ಒಳಗೆ ನೀರು ಸೇರಿದ್ದರೆ ಅಳೆಯದೆಯೇ ಬದಲಿಸಿ.

3. ಥರ್ಮಲ್ ಫ್ಯೂಸ್. ಎಲ್ಲ ಹೊತ್ತೂ ಸೊನ್ನೆ ಓಮ್ ತೋರಿಸಬೇಕು. ಒಮ್ಮೆ ಹೋದರೆ ಮತ್ತೆ ಜೋಡಿಸಿಕೊಳ್ಳುವುದಿಲ್ಲ. ಇದನ್ನು ತೆಗೆದು ವೈರ್ ತಿರುಚಿ ಸೇರಿಸುವ 'ಡೈರೆಕ್ಟ್' ಕೆಲಸ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಹೀಟರ್ ನಿಲ್ಲದೆ ಕಾದಾಗ ತಡೆಯಲು ಇರುವ ಕೊನೆಯ ಭಾಗ ಅದೊಂದೇ, ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ ಮತ್ತು ಫೋಮ್.

4. ಟೈಮರ್ ಅಥವಾ ಬೋರ್ಡ್. ಹಳೆಯ ಮಾದರಿಯಲ್ಲಿ ನಾಲ್ಕು ಕಾಲಿನ ಪುಟ್ಟ ಪೆಟ್ಟಿಗೆಯೊಂದು ಕಂಪ್ರೆಸರ್ ಹೊತ್ತಿನ ಲೆಕ್ಕ ಇಟ್ಟು ಹಲವು ಗಂಟೆಗೊಮ್ಮೆ ಅರ್ಧ ಗಂಟೆಯೊಳಗಿನ ಡಿಫ್ರಾಸ್ಟ್ ಕೊಡುತ್ತದೆ. ಅದರ ಸೀಳಿಗೆ ಸ್ಕ್ರೂ ಡ್ರೈವರ್ ಹಾಕಿ ಗಡಿಯಾರದ ದಿಕ್ಕಿನಲ್ಲಿ 'ಟಕ್' ಎನ್ನುವ ತನಕ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ. ಕಾಯಿಲ್ ತಣ್ಣಗಿರುವಾಗ ಇದನ್ನು ಮಾಡಬೇಕು. ಕಂಪ್ರೆಸರ್ ಸುಮ್ಮನಿದ್ದು, ಸ್ವಲ್ಪ ಹೊತ್ತಿಗೆ ಒಳಗೆ ಚುರ್ ಚುರ್ ಸದ್ದು ಕೇಳಿದರೆ ಹೀಟರ್ ಸಾಲು ಸರಿಯಿದೆ, ತಾನಾಗಿ ತಿರುಗದ ಟೈಮರ್ ಕೆಟ್ಟಿದೆ. ಬೋರ್ಡ್ ಇರುವ ಮಾದರಿಯಲ್ಲಿ ಉಷ್ಣತೆ ತಿಳಿಸುವ ಸೆನ್ಸರ್ ಅಳೆಯಿರಿ. ಐಸ್ ನೀರಿಗೆ ಅದ್ದಿದಾಗ ಅದರ ಓಮ್, 25 ಡಿಗ್ರಿಯಲ್ಲಿದ್ದದ್ದಕ್ಕಿಂತ ಸುಮಾರು ಮೂರು ಪಟ್ಟು ಏರಬೇಕು. ಏರದೆ ಅಲ್ಲೇ ನಿಂತರೆ, ಜಿಗಿದಾಡಿದರೆ ಸೆನ್ಸರ್ ಬದಲಿಸಿ. ಬೋರ್ಡ್ ಮೇಲೆ ಅನುಮಾನ ಬರಬೇಕಾದದ್ದು ಇವೆಲ್ಲ ಸರಿ ಎಂದಾದ ಮೇಲೆ.

ವೈರ್ ಸೇರಿಸುವಾಗ ಇನ್ಸುಲೇಷನ್ ಟೇಪ್ ಸುತ್ತಬೇಡಿ, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಕ್ರಿಂಪ್ ಜಾಯಿಂಟ್ (ಒತ್ತಿ ಬಿಗಿಯುವ ಲೋಹದ ತೋಳು) ಹಾಕಿ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ) ಕೊಳವೆ. ಬೈಮೆಟಲನ್ನು ಹಳೆಯದು ಇದ್ದ ಜಾಗದಲ್ಲೇ ಕ್ಲಿಪ್ ಮಾಡಿ, ಬೇರೆಡೆ ಹಾಕಿದರೆ ಹೊತ್ತಿಗೆ ಮುಂಚೆ ಹೀಟರ್ ನಿಲ್ಲಿಸಿಬಿಡುತ್ತದೆ.

ಮುಚ್ಚುವ ಮೊದಲು ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಬಿಗಿ ಇದ್ದರೆ, ಕರಕರ ಎಂದರೆ ಬದಲಿಸುವುದೇ ಮೇಲು. ಎಣ್ಣೆ ಬಿಟ್ಟರೆ ಆ ತಂಪಿನಲ್ಲಿ ಗಟ್ಟಿಯಾಗುತ್ತದೆ. ಹೊಸ ಮಾದರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಡಿಸಿ ಫ್ಯಾನ್, ಹಳೆಯದರಲ್ಲಿ 230 ವೋಲ್ಟ್. ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ತರಕಾರಿ ಡಬ್ಬದ ಕೆಳಗೆ ನೀರು

ಕಾಯಿಲ್ ಕೆಳಗಿನ ತೂತು ಕಟ್ಟಿದೆ, ಅಷ್ಟೇ. ಕರಗಿದ ನೀರು ಆ ತೂತಿನಿಂದ ಕೊಳವೆಯಲ್ಲಿಳಿದು ಕಂಪ್ರೆಸರ್ ಮೇಲಿನ ಟ್ರೇಗೆ ಬೀಳಬೇಕು. ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಬೆಚ್ಚನೆ ನೀರು ಒತ್ತಿ, ಹಿಂದಿನ ಟ್ರೇಗೆ ಬರುವ ತನಕ. ಗಟ್ಟಿ ತಂತಿ ತುರುಕಿದರೆ ಕೊಳವೆ ಕಿತ್ತುಬಂದೀತು. ಆ ಟ್ರೇ ತೊಳೆಯುವುದನ್ನು ಮರೆಯಬೇಡಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಇಂಥ ನಿಂತ ನೀರನ್ನೇ ಹುಡುಕುತ್ತದೆ, ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಫ್ರಿಡ್ಜ್ ಹಿಂದೆ ನೋಡಿ ಎನ್ನುವುದು ಅದಕ್ಕೇ.

ಟಿಕ್ ಎಂದು ನಿಲ್ಲುವ ಕಂಪ್ರೆಸರ್

ಬಲ್ಬ್ ಉರಿಯುತ್ತದೆ, ಹಿಂದೆ ಒಮ್ಮೆ ಗುಂಯ್ ಎಂದು ಕೆಲವು ಸೆಕೆಂಡಿಗೆ 'ಟಿಕ್', ಮತ್ತೆ ನಾಲ್ಕೈದು ನಿಮಿಷಕ್ಕೆ ಅದೇ. ಕಂಪ್ರೆಸರ್ ಏಳಲು ಹೊರಟು ಸೋಲುತ್ತಿದೆ, ಓವರ್‌ಲೋಡ್ ಪ್ರೊಟೆಕ್ಟರ್ ಕರೆಂಟ್ ಕಡಿಯುತ್ತಿದೆ. ವೋಲ್ಟೇಜ್ ಸರಿಯಿದ್ದರೆ ಮೊದಲ ಅನುಮಾನ ರಿಲೇ ಮೇಲೆ, ಅಂದರೆ ಕಂಪ್ರೆಸರ್ ಏಳಲು ನೆರವಾಗುವ ಸ್ವಿಚ್ ಮೇಲೆ.

ಪ್ಲಗ್ ಕಿತ್ತು, ಹಿಂದಿನ ಕೆಳಮುಚ್ಚಳ ಬಿಚ್ಚಿ. ಕಂಪ್ರೆಸರ್ ಪಕ್ಕದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ರಿಲೇ ಮೂರು ಪಿನ್‌ಗೆ ಒತ್ತಿ ಕೂತಿರುತ್ತದೆ. ಕಂಪ್ರೆಸರ್ ಸುಡುತ್ತಿರಬಹುದು, ಆರಲಿ. ವೈರ್‌ಗಳ ಫೋಟೋ ತೆಗೆದು ರಿಲೇ ಕಿತ್ತು, ಕಿವಿಯ ಹತ್ತಿರ ಅಲ್ಲಾಡಿಸಿ. ಪಿಟಿಸಿ ರಿಲೇ (ಸೆರಾಮಿಕ್ ಬಿಲ್ಲೆ ಇರುವ ಬಗೆ) ಒಳಗೆ ಗಲಗಲ ಸದ್ದು ಬಂದರೆ ಅದರ ಬಿಲ್ಲೆ ಪುಡಿಯಾಗಿದೆ. ಸುಟ್ಟ ವಾಸನೆ, ಕರಿ ಕಲೆ ಕಂಡರೂ ಅಷ್ಟೇ. ರಿಲೇ ಮತ್ತು ಓವರ್‌ಲೋಡ್ ಎರಡನ್ನೂ ಜೋಡಿಯಾಗಿ, ಕಂಪ್ರೆಸರ್ ನಂಬರ್ ತೋರಿಸಿ ತನ್ನಿ.

ರಿಲೇ ಕಿತ್ತಾಗಲೇ ಮೂರು ಪಿನ್‌ಗಳ ನಡುವೆ ಓಮ್ ಅಳೆಯಿರಿ. ಮೂರು ಅಳತೆ ಬರುತ್ತವೆ. ಅತಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸರಿಹೊಂದಿದರೆ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಸರಿ. ಯಾವುದಾದರೂ ಪಿನ್‌ನಿಂದ ಕಂಪ್ರೆಸರ್‌ನ ಲೋಹದ ಮೈಗೆ ಓಮ್ ತೋರಿಸಿದರೆ ಒಳಗೆ ಶಾರ್ಟ್ ಆಗಿದೆ, ಮತ್ತೆ ಪ್ಲಗ್ ಹಾಕಬೇಡಿ. ಇನ್ವರ್ಟರ್ ಕಂಪ್ರೆಸರ್‌ನಲ್ಲಿ ಈ ಲೆಕ್ಕ ಬೇರೆ: ಮೂರೂ ಅಳತೆ ಒಂದೇ ಇರಬೇಕು. ಅದಕ್ಕೆ ರಿಲೇಯೂ ಇಲ್ಲ, ನೇರ 230 ವೋಲ್ಟ್ ಕೊಟ್ಟು 'ನೋಡೋಣ' ಎಂದರೆ ಅಲ್ಲಿಗೇ ಸುಟ್ಟುಹೋಗುತ್ತದೆ.

ಕಂಪ್ರೆಸರ್ ತಣ್ಣಗಿದ್ದು ಸದ್ದೇ ಇಲ್ಲದಿದ್ದರೆ, ಸಿಂಗಲ್ ಡೋರ್‌ನಲ್ಲಿ ಥರ್ಮೋಸ್ಟಾಟ್ ನೋಡಿ. ಬೆಚ್ಚಗಿರುವಾಗ, ಗುಂಡಿ ಗರಿಷ್ಠದಲ್ಲಿದ್ದಾಗ ಅದರ ಎರಡು ಕಾಲುಗಳ ನಡುವೆ ಸೊನ್ನೆ ಓಮ್ ಬರಬೇಕು. ಬರದಿದ್ದರೆ ಬದಲಿಸಿ.

ಗ್ಯಾಸ್ ಎಂದೇ ತೀರ್ಮಾನವಾದರೆ

ಇದು ನಿಮ್ಮ ಕೆಲಸವಲ್ಲ, ಆದರೆ ಮಾಡಿಸುವಾಗ ಏನು ಕೇಳಬೇಕು ಎನ್ನುವುದು ನಿಮ್ಮ ಕೆಲಸ. ಎಲ್ಲಿ ಸೋರಿದೆ ಎಂದು ತೋರಿಸಬೇಕು. ಫಿಲ್ಟರ್ ಹೊಸದು ಹಾಕಬೇಕು. ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ತೆಗೆಯಬೇಕು. ಚೀಟಿಯಲ್ಲಿರುವ ಗ್ಯಾಸನ್ನೇ ತಕ್ಕಡಿಯಲ್ಲಿ ತೂಗಿ ತುಂಬಬೇಕು. ಹಳೆಯ ಫ್ರಿಡ್ಜ್‌ಗಳಿಗೆ ಅಂದಾಜಿನಲ್ಲಿ ತುಂಬಿ ಕೆಲಸ ನಡೆಯುತ್ತಿತ್ತೇನೋ, 50 ಗ್ರಾಂ ಆರ್-600ಎ ಹಿಡಿಯುವ ಫ್ರಿಡ್ಜ್‌ನಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆಯಾದರೂ ತಂಪು ಕೆಡುತ್ತದೆ. ಬೆಸುಗೆ ಹಾಕುವಾಗ ಕಿಟಕಿ ಬಾಗಿಲು ತೆರೆದಿರಬೇಕು, ಅಡುಗೆಮನೆಯ ಒಲೆ, ದೇವರ ದೀಪ ಆರಿಸಿರಬೇಕು. ಸೋರಿಕೆ ಪಕ್ಕದ ಗೋಡೆಯ ಫೋಮಿನೊಳಗಿದ್ದರೆ ಫ್ರಿಡ್ಜ್‌ನ ವಯಸ್ಸು ನೋಡಿ ನಿರ್ಧರಿಸಿ. ಹತ್ತು ವರ್ಷ ದಾಟಿದ್ದರೆ ನಾನಾದರೆ ಆ ಹಣವನ್ನು ಹೊಸದಕ್ಕೇ ಸೇರಿಸುತ್ತೇನೆ.

ಮತ್ತೆ ಆನ್ ಮಾಡಿದ ಮೇಲೆ

ಮಲಗಿಸಿ ಕೆಲಸ ಮಾಡಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಕಂಪ್ರೆಸರ್ ಎಣ್ಣೆ ಕೆಳಗಿಳಿಯಲಿ. ಖಾಲಿ ಫ್ರಿಡ್ಜನ್ನೇ ಆನ್ ಮಾಡಿ, ಫ್ರೀಜರ್ ಮೈನಸ್‌ಗೆ ಇಳಿದ ಮೇಲೆ ಸಾಮಾನು ಇಡಿ. ಬಿಸಿ ಸಾರು ಮೊದಲ ದಿನ ಬೇಡ. 24 ಗಂಟೆಗೆ ಲೋಟದ ನೀರಿನ ಉಷ್ಣತೆ ಓದಿ ಬರೆದಿಡಿ, ಮೂರನೆಯ ದಿನ ಇನ್ನೊಮ್ಮೆ. ಮೂರನೆಯ ದಿನವೂ 5 ಡಿಗ್ರಿಯೊಳಗೆ ಇದ್ದು, ಹಿಂದಿನ ಟ್ರೇಗೆ ನೀರು ಬಂದಿದ್ದರೆ ಡಿಫ್ರಾಸ್ಟ್ ತಾನಾಗಿ ನಡೆದಿದೆ. ಟ್ರೇ ಒಣಗಿದ್ದು ಉಷ್ಣತೆ ಮೆಲ್ಲಗೆ ಏರುತ್ತಿದ್ದರೆ ಟೈಮರ್ ಮತ್ತು ಬೈಮೆಟಲ್ ಇನ್ನೊಮ್ಮೆ ಅಳೆಯಿರಿ, ಹೊಸ ಬಿಡಿಭಾಗವೂ ಪ್ಯಾಕೆಟ್‌ನಿಂದಲೇ ಕೆಟ್ಟು ಬರುವುದುಂಟು.